ಗುಜರಿ ಮೂಟೆ

“ಇದು ಒರಿಜಿನಲ್ ಹಿತ್ತಾಳೆನಾ?” ಅಂತ ಆಂಟಿ ಕೇಳಿದ್ದು ಶನಿವಾರ. ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಘಾನಾದ ಕುಮಾಸಿ ನಗರದ ಹತ್ತಿರದ ಕ್ರೊಫೊಫ್ರೊಮ್ ಎಂಬ ಹಳ್ಳಿಯಲ್ಲಿ ‘ಅಶಾಂತಿ’ ಎಂಬ ಸಮುದಾಯದ ಜನ ತಲೆಮಾರುಗಳಿಂದ ಹಿತ್ತಾಳೆ ಎರಕ ಹೊಯ್ಯುತ್ತಾ ಬಂದಿದ್ದಾರೆ. ಊರಿಂದ ಬಂದಿದ್ದ ಆಂಟಿಗೆ ಮಣಿಸರ ಬೇಕಿತ್ತು. ನಾನು ಇಲ್ಲಿ ಕೆಲಸಕ್ಕಿರುವವನು, ಸುಮ್ನೆ ಜೊತೆಗೆ ಹೋದೆ.

ಪ್ರಶ್ನೆ ಕೇಳಿದ ಕೂಡಲೇ ಎರಕದವರು ಮೂಲೆಯಿಂದ ಒಂದು ಮೂಟೆ ಎಳೆದು ತಂದು ಬಾಯಿ ಬಿಚ್ಚಿದರು. ಹಳೇ ನಲ್ಲಿ, ಬೀಗ, ಕೀಲಿಕೈ, ವಾಲ್ವು. “ಇದೇ ಮೇಡಂ, ಒರಿಜಿನಲ್.”

ಆಂಟಿ ಮುಖ ಸಪ್ಪಗಾಯಿತು. “ಬರೀ ಗುಜರಿ ಕಣೋ,” ಅಂದರು ಕನ್ನಡದಲ್ಲಿ.

ಚಿನ್ನದಂಗಡಿಯ ಪ್ರಶ್ನೆಯನ್ನು ಎಲ್ಲ ಕಡೆಯೂ ಕೇಳುವವರು ಅವರು. ಪಕ್ಕದಲ್ಲೇ ನಡೆಯುತ್ತಿದ್ದ ಕೆಲಸ ನೋಡೋಕೆ ಮಾತ್ರ ಪುರುಸೊತ್ತಿರಲಿಲ್ಲ. ಜೇನುಮೇಣವನ್ನು ಹಲಗೆ ಮೇಲೆ ಹೊಸೆದು ಶಾವಿಗೆಯಂಥ ಎಳೆ ಮಾಡುತ್ತಾರೆ. ಅದನ್ನು ಸುರುಳಿ ಸುತ್ತಿದರೆ ಮಣಿಯ ಆಕಾರ. ಅದರ ಮೇಲೆ ನುಣ್ಣನೆ ಇದ್ದಿಲಪುಡಿ, ಜೇಡಿಮಣ್ಣಿನ ತೆಳು ಲೇಪ. ಒಣಗಿದ ಮೇಲೆ ಮತ್ತೊಂದು. ಕೊನೆಗೆ ತಾಳೆಕಾಯಿ ನಾರು ಕಲಸಿದ ದಪ್ಪ ಮಣ್ಣು. ಬಿಸಿ ಮಾಡಿ ಮೇಣ ಹೊರಗೆ ಸುರಿದರೆ ಒಳಗೆ ಟೊಳ್ಳಾದ ಮಣ್ಣಿನ ಅಚ್ಚು ಸಿದ್ಧ. ಆ ಮೂಟೆಯ ಚೂರುಗಳನ್ನು ಮಣ್ಣಿನ ಮೂಸೆಗೆ ತುಂಬಿ, ಮೂಸೆಯನ್ನು ಅಚ್ಚಿಗೇ ಮೆತ್ತಿ ಮುಚ್ಚಿಬಿಡುತ್ತಾರೆ. ಕುಲುಮೆಯಲ್ಲಿ ಮೂಸೆ ಕೆಳಗೆ, ಅಚ್ಚು ಮೇಲೆ. ಒಳಗೆ ಕರಗಿತೋ ಇಲ್ಲವೋ ಕಾಣುವುದಿಲ್ಲ, ಎಲ್ಲ ಅನುಭವದ ಅಂದಾಜು. ಇಕ್ಕಳದಲ್ಲಿ ಹಿಡಿದು ತಲೆಕೆಳಗು ಮಾಡಿದರೆ ಲೋಹ ಅಚ್ಚಿಗಿಳಿಯುತ್ತದೆ. ಆರಿದ ಮೇಲೆ ಅಚ್ಚು ಒಡೆದರೇ ಮಣಿ.

ಆತ ಮೂಟೆ ಬಿಚ್ಚಿದ ರೀತಿ ಪದೇ ಪದೇ ಕಣ್ಮುಂದೆ ಬರುತ್ತಿದೆ. ಸಂಕೋಚ ಇಲ್ಲ, ಸಮಜಾಯಿಷಿ ಇಲ್ಲ. ಯಾಕಿರಬೇಕು ಹೇಳಿ? ಪಶ್ಚಿಮ ಆಫ್ರಿಕಾದ ಈ ಕರಾವಳಿಗೆ ಹಿಂದೆ ಪೋರ್ಚುಗೀಸರು ಹಡಗಿನಲ್ಲಿ ಮನಿಲ್ಲಾ ಎಂಬ ಹಿತ್ತಾಳೆ ಬಳೆ ತಂದರು. ಅವು ದುಡ್ಡಾಗಿ ಓಡಿದವು. ಅವನ್ನು ಕೊಟ್ಟು ಮನುಷ್ಯರನ್ನೂ ಕೊಂಡರು. ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಎರಕದವರು ಅಂಥ ಬಳೆ ಕರಗಿಸಿ ಅರಮನೆಗೆ ಫಲಕ ಮಾಡಿದರು. ಆ ಲೋಹದಲ್ಲಿ ಬಹಳಷ್ಟು ಜರ್ಮನಿಯ ರೈನ್‌ಲ್ಯಾಂಡ್ ಕಡೆಯದು ಅಂತ 2023ರ ಅಧ್ಯಯನವೊಂದು ತೋರಿಸಿತು. 1897ರಲ್ಲಿ ಬ್ರಿಟಿಷರು ಅರಮನೆ ಲೂಟಿ ಹೊಡೆದರು. ಲೂಟಿಯ ಮಾಲು ಸುಮಾರಷ್ಟು ಜರ್ಮನಿಯ ಮ್ಯೂಸಿಯಂಗಳಿಗೇ ಹೋಗಿ ಸೇರಿತು! ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಯಾರೂ ಗುಜರಿ ಅನ್ನಲಿಲ್ಲ, ಅಲ್ವಾ?

ಆಂಟಿ ಕೊನೆಗೂ ಒಂದು ಸರ ಆರಿಸಿದರು. ಗುಜರಿ ತಾನೇ, ರೇಟು ಇಳಿಸಿ ಅಂತ ಪಟ್ಟು ಹಿಡಿದರು. ಆತ ಒಂದು ಸೆಡಿಯೂ (ಸೆಡಿ ಅಂದರೆ ಇಲ್ಲಿನ ರೂಪಾಯಿ ಇದ್ದ ಹಾಗೆ) ಬಿಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.