ಹದಿನೈದು ತಿಂಗಳು ನಮ್ಮನ್ನಾಳಿದ ಜನರಲ್ ಸಾಹೇಬರು

ಹೋದ ತಿಂಗಳು ಮನೆ ಜಾಗದ ಪಾಲಿನ ವಿಷಯ ಬಂದು ಅಜ್ಜನ ಟ್ರಂಕ್ ತೆಗೆದೆವು. ಬೇಕಾದ ಕಾಗದ ಸಿಗಲಿಲ್ಲ. ಸಿಕ್ಕಿದ್ದು ಚಾರ್‌ಮಿನಾರ್ ಚಿತ್ರದ, ನಿಜಾಮನ ಕಾಲದ ನಾಲ್ಕು "ಹಾಲಿ" ರೂಪಾಯಿ, ಒಂದು ಮುರುಕು ಅಡಕತ್ತರಿ, ಮತ್ತೆ ಉರ್ದುವಿನಲ್ಲಿ ಬರೆದ ಒಂದು ಚೀಟಿ. ಮಡಚಿದ ಕಡೆಯೆಲ್ಲ ಹರಿದಿತ್ತು. ನಮ್ಮ ಮನೆಯಲ್ಲಿ ಉರ್ದು ಓದುವವರು ಈಗ ಯಾರೂ ಇಲ್ಲ. ಪಕ್ಕದ ಓಣಿಯ ರಿಟೈರ್ಡ್ ಉರ್ದು ಮೇಷ್ಟ್ರ ಹತ್ತಿರ ಒಯ್ದೆ. ಅವರು ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಹೊಲದ ಕಂದಾಯದ ರಸೀದಿ ಇದು. 1358 ಫಸಲಿ ಅಂತದೆ. ಮಿಲಿಟರಿ ಗವರ್ನರ್ ಜಮಾನಾದ್ದು ನೋಡ್ರಿ" ಅಂದರು.

ಫಸಲಿ ಅಂದರೆ ನಿಜಾಮನ ಕಾಲದ ಕಂದಾಯದ ವರ್ಷ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಅಂದರೆ 1948-49. ಆದರೆ ನನ್ನ ತಲೆ ಕೆಡಿಸಿದ್ದು ಆ ಲೆಕ್ಕ ಅಲ್ಲ, "ಮಿಲಿಟರಿ ಗವರ್ನರ್" ಅನ್ನೋ ಮಾತು. ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ, ನಿಜಾಮ ಸೋಲೊಪ್ಪಿದ ದಿನ ಅಂತ, ಕೊಪ್ಪಳದಲ್ಲಿ ಬಾವುಟ ಏರಿಸುತ್ತೇವೆ. ಭಾಷಣದಲ್ಲಿ ಸರ್ದಾರ್ ಪಟೇಲರು ಬರುತ್ತಾರೆ, ನಿಜಾಮನ ವಿರುದ್ಧ ಹೋರಾಡಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಬರುತ್ತಾರೆ, ಹೋರಾಟಗಾರರ ಮುಂಡರಗಿ ಶಿಬಿರದ ಕಥೆ ಬರುತ್ತದೆ. ಬರಬೇಕಾದದ್ದೇ. ಆದರೆ ಸೈನ್ಯ ತಂದವರು, ಆಮೇಲೆ ಒಂದು ವರ್ಷಕ್ಕಿಂತ ಜಾಸ್ತಿ ನಮ್ಮ ಸರ್ಕಾರವೇ ಆಗಿ ಕೂತವರು ಯಾರು ಅಂತ ಕೇಳಿದರೆ ಯಾರ ಬಾಯಲ್ಲೂ ಹೆಸರಿಲ್ಲ. ನನಗೂ ಗೊತ್ತಿರಲಿಲ್ಲ. ಜನರಲ್ ಅಂದರೆ ನಮಗೆ ಕೊಡಗಿನ ಕಾರ್ಯಪ್ಪ, ತಿಮ್ಮಯ್ಯ. ಅಲ್ಲಿಗೆ ಮುಗೀತು.

ಅವರು ಜಯಂತನಾಥ ಚೌಧುರಿ. ಹುಟ್ಟಿದ್ದು 1908ರಲ್ಲಿ, ಕಲ್ಕತ್ತೆಯ ದೊಡ್ಡ ಮನೆತನದಲ್ಲಿ. ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷ ಡಬ್ಲ್ಯು. ಸಿ. ಬ್ಯಾನರ್ಜಿ ಅವರ ತಾಯಿಯ ತಂದೆ. ತಾತ ಕಾಂಗ್ರೆಸ್ಸು, ಮೊಮ್ಮಗ ಬ್ರಿಟಿಷರ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು 1928ರಲ್ಲಿ ಅಧಿಕಾರಿ. ಕುದುರೆ ಪಡೆಗೆ ಸೇರಿದವರು, ಕುದುರೆ ಹೋಗಿ ಟ್ಯಾಂಕ್ ಬಂದ ಮೇಲೆ ಟ್ಯಾಂಕಿನವರಾದರು. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾದಲ್ಲಿದ್ದರು, ಬರ್ಮಾದಲ್ಲಿ 16ನೇ ಲೈಟ್ ಕ್ಯಾವಲ್ರಿಯ ಮುಖ್ಯಸ್ಥರಾಗಿದ್ದರು. 1946ರಲ್ಲಿ ಲಂಡನ್ನಿನ ವಿಜಯ ಪರೇಡಿನಲ್ಲಿ ಭಾರತದ ತುಕಡಿಯನ್ನು ನಡೆಸಿದ್ದೂ ಇವರೇ. ಗೆಳೆಯರು ಕರೆಯುತ್ತಿದ್ದ ಹೆಸರು ಮುಚ್ಚು. ನಮ್ಮ ಕಡೆ ಆ ಹೆಸರಿಟ್ಟರೆ ಬಾಗಿಲು ಮುಚ್ಚೋದೋ ಬಾಯಿ ಮುಚ್ಚೋದೋ ಅಂತ ಕೇಳುತ್ತಿದ್ದರು!

ಈಗ 1948ಕ್ಕೆ ಬರೋಣ. ಆಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು, ರಾಯಚೂರು ನಿಜಾಮನ ಕೈಲಿತ್ತು. ತುಂಗಭದ್ರಾ ಹೊಳೆ ದಾಟಿದರೆ ಹೊಸಪೇಟೆ, ಬಳ್ಳಾರಿ ಜಿಲ್ಲೆ, ಮದ್ರಾಸ್ ಸರ್ಕಾರದ್ದು. ಅಲ್ಲಿ 1947ರ ಆಗಸ್ಟ್ 15ಕ್ಕೇ ಬಾವುಟ ಹಾರಿತ್ತು. ಇತ್ತ ದಂಡೆಯಲ್ಲಿ ಅದೇ ಬಾವುಟ ಹಿಡಿದರೆ ಜೈಲು. ನಿಜಾಮನ ಪರ ಇದ್ದ ಖಾಸಗಿ ಪಡೆ ರಜಾಕಾರರ ಹಾವಳಿ ಜಾಸ್ತಿಯಾದಾಗ ನಮ್ಮ ಅಜ್ಜನ ಮನೆಯವರು ರಾತ್ರಿ ಹರಗೋಲು ಹತ್ತಿ ಆಚೆ ದಂಡೆಗೆ ಹೋದವರು. ಎಮ್ಮೆ ಬಿಟ್ಟು ಬಂದೆವಲ್ಲ ಅಂತ ಮುತ್ತಜ್ಜಿ ದಾರಿಯುದ್ದಕ್ಕೂ ಅಳುತ್ತಿದ್ದಳಂತೆ. ಅಜ್ಜ ಈ ಕಥೆ ಹೇಳುವಾಗ ರಜಾಕಾರರಿಗಿಂತ ಆ ಎಮ್ಮೆಯ ವರ್ಣನೆಯೇ ಜಾಸ್ತಿ ಇರುತ್ತಿತ್ತು.

ಸೆಪ್ಟೆಂಬರ್ 13ರ ಬೆಳಗಿನ ಜಾವ ಭಾರತದ ಸೈನ್ಯ ಒಳಗೆ ಬಂತು. ಮುಖ್ಯ ದಾಳಿ ಸೊಲ್ಲಾಪುರದ ಕಡೆಯಿಂದ, ನಳದುರ್ಗದ ದಾರಿ ಹಿಡಿದು, ಚೌಧುರಿಯವರ ಟ್ಯಾಂಕು ಪಡೆ 1ನೇ ಆರ್ಮರ್ಡ್ ಡಿವಿಷನ್‌ದು. ನಮ್ಮ ಕಡೆ ತುಂಗಭದ್ರೆಯ ಮೇಲಿನ ಸೇತುವೆಯೊಂದನ್ನು ಗೂರ್ಖಾ ಪಡೆ ಹಿಡಿಯಿತು. ಐದು ದಿನ, ಅಷ್ಟೇ. 17ಕ್ಕೆ ನಿಜಾಮ ಸೋಲೊಪ್ಪಿದ. 18ರ ಸಂಜೆ ಹೈದರಾಬಾದ್ ಸೈನ್ಯದ ಮುಖ್ಯಸ್ಥ ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು. ಟ್ಯಾಂಕು, ವಿಮಾನ ಎಲ್ಲ ಬಂದರೂ ಇದಕ್ಕೆ ಇಟ್ಟ ಹೆಸರು ಪೊಲೀಸ್ ಆಕ್ಷನ್. ಇದು ದೇಶದ ಒಳಗಿನ ವಿಷಯ, ಬೇರೆ ದೇಶದ ಮೇಲೆ ಯುದ್ಧ ಅಲ್ಲ ಅಂತ ತೋರಿಸಬೇಕಿತ್ತಲ್ಲ! ನಮ್ಮ ಹಿರಿಯರೂ ಇಂಗ್ಲಿಷ್ ಬರಲಿ ಬಿಡಲಿ, "ಪೊಲೀಸ್ ಆಕ್ಷನ್ ಆದ ವರ್ಷ" ಅಂತಲೇ ವಯಸ್ಸು ಲೆಕ್ಕ ಹಾಕುತ್ತಾರೆ.

ಅಲ್ಲಿಂದ 1949ರ ಕೊನೆಯವರೆಗೆ ಚೌಧುರಿಯವರೇ ಮಿಲಿಟರಿ ಗವರ್ನರ್. ಮಂತ್ರಿ ಇಲ್ಲ, ಶಾಸಕ ಇಲ್ಲ, ನಲವತ್ತರ ಆಸುಪಾಸಿನ ಒಬ್ಬ ಮೇಜರ್ ಜನರಲ್ ಹೇಳಿದ್ದೇ ಕಾನೂನು. ಆ ಕಾಲದಲ್ಲಿ ನಮಗೆ ಸಂಬಂಧಪಟ್ಟ ದೊಡ್ಡ ಕೆಲಸ ಒಂದಾಯಿತು. 1949ರ ಆಗಸ್ಟಿನಲ್ಲಿ ಜಹಗೀರು ರದ್ದಾಯಿತು. ಆ ಕಾನೂನಿಗೂ ಅಜ್ಜನ ರಸೀದಿಗೂ ಒಂದೇ ವರ್ಷ, 1358 ಫಸಲಿ! ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿ ಬೆಳೆದವರ ಕಂದಾಯ ಹೈದರಾಬಾದಿನ ಅವರ ದೇವಡಿಗೆ, ಅಂದರೆ ದೊಡ್ಡ ಬಂಗಲೆಗೆ, ಹೋಗುತ್ತಿತ್ತು. ಈಗ ನಾವು ಟಿಕೆಟ್ ತಗೊಂಡು ಅಲ್ಲಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಮುಸುಕು ಹಾಕಿದ ರೆಬೆಕ್ಕಾಳ ಪ್ರತಿಮೆ ನೋಡಿ ಬಾಯಿ ಬಿಡುತ್ತೇವೆ. ಅದರಲ್ಲಿ ನಮ್ಮ ಜೋಳದ ಪಾಲೂ ಇದೆ ಮಾರಾಯ್ರೇ.

ಇನ್ನೊಂದು ಮಗ್ಗುಲೂ ಇದೆ. ಸೈನ್ಯ ಬಂದ ಮೇಲಿನ ದಿನಗಳಲ್ಲಿ ಮುಸ್ಲಿಮರ ಮೇಲೆ ದೊಡ್ಡ ಹಿಂಸೆ ನಡೆಯಿತು. ರಜಾಕಾರರ ಮೇಲಿನ ಸಿಟ್ಟನ್ನು ಏನೂ ಮಾಡದವರ ಮೇಲೆ ತೀರಿಸಿಕೊಂಡರು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಸುತ್ತಾಡಿ ಬಂದು, ಸತ್ತವರು 27,000ದಿಂದ 40,000 ಇರಬಹುದು ಅಂತ ಬರೆಯಿತು. ಹೆಚ್ಚು ಏಟು ಬಿದ್ದ ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಇದ್ದವು. ಕೆಲವು ಕಡೆ ಸೈನಿಕರೂ ಪೊಲೀಸರೂ ಕೈಜೋಡಿಸಿದ್ದರು ಅಂತಲೂ ಅದರಲ್ಲಿದೆ. ಆ ವರದಿಯನ್ನು ದಶಕಗಟ್ಟಲೆ ಹೊರಗೆ ಬಿಡಲಿಲ್ಲ. ಇದು ಚೌಧುರಿಯವರು ಅಧಿಕಾರದಲ್ಲಿದ್ದಾಗಲೇ ಆದದ್ದು, ಆ ಭಾರ ಅವರ ಹೆಗಲಿಗೂ ಬರುತ್ತದೆ ಅಂತ ನನ್ನ ಅನಿಸಿಕೆ. ಉರ್ದು ಮೇಷ್ಟ್ರ ಎದುರು ಕೂತು ಈ ಮಾತೆತ್ತಿದೆ. ಅವರು ರಸೀದಿ ಮಡಚಿ ನನ್ನ ಕೈಗಿಟ್ಟು, "ಚಾ ಕುಡೀರಿ" ಅಂದರು. ನಾನೂ ಮುಂದೆ ಕೇಳಲಿಲ್ಲ.

ಆಮೇಲಿನ ಕಥೆ ಬೇಗ ಹೇಳುತ್ತೇನೆ. 1961ರಲ್ಲಿ ಗೋವಾಕ್ಕೆ ಸೈನ್ಯ ನುಗ್ಗಿದಾಗ ದಕ್ಷಿಣ ಕಮಾಂಡಿನ ಮುಖ್ಯಸ್ಥರು ಇವರೇ. 1962ರ ನವೆಂಬರಿನಲ್ಲಿ ಚೀನಾ ಎದುರು ಸೋತು ಜನರಲ್ ಥಾಪರ್ ಕೆಳಗಿಳಿದಾಗ, ಬಿದ್ದ ಮನೆಯ ಯಜಮಾನಿಕೆಯಂತೆ ಸೇನಾ ಮುಖ್ಯಸ್ಥರ ಕುರ್ಚಿ ಇವರಿಗೆ ಬಂತು. ಮೂರು ವರ್ಷಕ್ಕೆ ಪಾಕಿಸ್ತಾನದ ಜೊತೆ ಯುದ್ಧ. ಸೊಲ್ಲಾಪುರದ ದಾರಿಯಲ್ಲಿ ಇವರು ನಡೆಸಿದ್ದ ಅದೇ 1ನೇ ಆರ್ಮರ್ಡ್ ಡಿವಿಷನ್ ಸಿಯಾಲ್‌ಕೋಟ್ ಕಡೆ ಫಿಲ್ಲೋರಾದಲ್ಲಿ ಕಾದಾಡಿತು. ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರು ಗದ್ದೆಯಲ್ಲಿ ಸಿಕ್ಕಿಬಿದ್ದವು. ಆದರೆ ಆ ಲಡಾಯಿಯ ಹೊತ್ತಿನಲ್ಲಿ ಚೌಧುರಿಯವರು ಬಿಯಾಸ್ ನದಿಯ ಹಿಂದಕ್ಕೆ ಸರಿಯಲು ಹೇಳಿದ್ದರು, ನಾನೇ ಒಪ್ಪಲಿಲ್ಲ ಅಂತ ಪಶ್ಚಿಮ ಕಮಾಂಡಿನ ಹರಬಖ್ಷ್ ಸಿಂಗ್ ಬರೆದಿದ್ದಾರೆ. ಮದ್ದುಗುಂಡು ಮುಗಿಯುತ್ತಾ ಬಂತು ಅಂತ ಪ್ರಧಾನಿ ಶಾಸ್ತ್ರಿಯವರಿಗೆ ಹೇಳಿದ್ದರು, ಆಮೇಲೆ ಎಣಿಸಿದರೆ ಖರ್ಚಾದದ್ದು ಶೇ. 14 ಮಾತ್ರ ಅನ್ನೋ ದೂರೂ ಇದೆ. ಟ್ಯಾಂಕಿನ ಮನುಷ್ಯನಿಗೆ ಇಷ್ಟು ಹಿಂಜರಿಕೆ ಯಾಕೆ ಬಂತೋ. 62ರ ಪೆಟ್ಟು ನೋಡಿದವರಿಗೆ ಕೈಲಿರೋದನ್ನು ಕಾಪಾಡಿಕೊಳ್ಳೋ ಚಿಂತೆಯೇ ಜಾಸ್ತಿ ಇರುತ್ತದೇನೋ. 1966ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಹೈಕಮಿಷನರ್ ಆಗಿ ಹೋದರು. 1983ರಲ್ಲಿ ತೀರಿಕೊಂಡರು.

ಅಜ್ಜ ಇವರ ಹೆಸರು ಒಮ್ಮೆಯೂ ಹೇಳಿದ ನೆನಪಿಲ್ಲ. "ಆಗ ಮಿಲ್ಟ್ರಿ ಸಾಹೇಬಂದು ರಾಜ್ಯ ಇತ್ತಪಾ" ಅನ್ನುತ್ತಿದ್ದ, ಅಷ್ಟೇ. ರಸೀದಿಗೆ ಲ್ಯಾಮಿನೇಷನ್ ಮಾಡಿಸೋಣ ಅಂತ ಅಂಗಡಿಗೆ ಒಯ್ದಿದ್ದೆ. ಬಿಸಿಗೆ ಮಸಿ ಹೋಗುತ್ತದೆ ಸರ್, ಹಂಗೇ ಇಡ್ರಿ ಅಂದ ಹುಡುಗ. ವಾಪಸ್ ಟ್ರಂಕಿಗೇ ಹಾಕಿದ್ದೇನೆ. ಪಾಲಿನ ಕಾಗದ ಮಾತ್ರ ಇನ್ನೂ ಸಿಕ್ಕಿಲ್ಲ.