ಅಡಿಕೆ ಕೆಳಗೆ ಸೆನ್ಸರ್

ಇವತ್ತು ಸಂಜೆ ಹಳೇ ಕ್ಯಾಲೆಂಡರ್ ಹಾಳೆಯಿಂದ ಎರಡು ತುಂಡು ಕತ್ತರಿಸಿದೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರಿನ ಅಳತೆಗೆ. ಸ್ಕೇಲ್ ಇಟ್ಟು, ಅಳತೆ ಮಾಡಿ. ಒಂದು 36×24 ಮಿಲಿಮೀಟರ್, ಅದು ಫುಲ್ ಫ್ರೇಮ್. ಇನ್ನೊಂದು 17.3×13, ಅದು ಮೈಕ್ರೋ ಫೋರ್ ಥರ್ಡ್ಸ್.

ವಾರದಿಂದ ಈ ಎರಡು ಸೆನ್ಸರಿನ ಕ್ಯಾಮೆರಾಗಳಲ್ಲಿ ಯಾವುದು ಕೊಳ್ಳಲಿ ಅಂತ ಒಂದೇ ಯೋಚನೆ. ಒಂದರಲ್ಲಿ 24 ಮೆಗಾಪಿಕ್ಸೆಲ್, ಇನ್ನೊಂದರಲ್ಲಿ 20. ಅಂಕಿ ನೋಡಿದರೆ ದೊಡ್ಡ ವ್ಯತ್ಯಾಸವಿಲ್ಲ ಅಲ್ವಾ?

ಜಗಲಿಯಲ್ಲಿ ಅಮ್ಮ ಅಡಿಕೆ ಆರಿಸುತ್ತಿದ್ದರು. "ಏನೋ ಅದು, ಇಷ್ಟು ಚಿಕ್ಕ ಕಾಗದ?" ಅಂತ ಒಂದು ಅಡಿಕೆ ತೆಗೆದು ಸುಮ್ನೆ ಅದರ ಮೇಲಿಟ್ಟರು.

ಚಿಕ್ಕ ತುಂಡು ಹೆಚ್ಚುಕಡಿಮೆ ಕಾಣದಂತಾಯಿತು. ಅದೇ ಅಡಿಕೆಯನ್ನು ದೊಡ್ಡದರ ಮೇಲಿಟ್ಟೆ. ಎರಡೂ ಬದಿ ಜಾಗ ಉಳಿಯಿತು.

ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟು! ಅಪರ್ಚರ್ (ಲೆನ್ಸಿನ ಕಿಂಡಿಯ ಎಫ್-ಅಂಕಿ), ಶಟರ್ (ಬೆಳಕು ಬೀಳುವ ಹೊತ್ತು) ಒಂದೇ ಇದ್ದರೂ ದೊಡ್ಡದಕ್ಕೆ ಒಟ್ಟು ಬೆಳಕು ಅಷ್ಟು ಜಾಸ್ತಿ ಸಿಗುತ್ತದೆ. ಆಗುಂಬೆಯ ಮಳೆಗಾಲದ ಮಧ್ಯಾಹ್ನ, ಮರದಡಿ ಕೂತ ಕಪ್ಪೆಯನ್ನು ತೆಗೆಯುವಾಗ ಆ ಬೆಳಕೇ ಬೇಕು. ಮಬ್ಬಿನಲ್ಲಿ ಎರಡರಲ್ಲೂ ಐಎಸ್‌ಒ (ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್) ಏರಿಸಬೇಕು, ಆದರೆ ಚಿಕ್ಕದರಲ್ಲಿ ಕಪ್ಪೆಯ ಮೈಮೇಲೆಲ್ಲ ಕಾಳು ಕಾಳು ಜಾಸ್ತಿ.

ಆದರೆ ಮಂಡಗದ್ದೆ ನೆನಪಾದರೆ ಮನಸ್ಸು ಚಿಕ್ಕದರ ಕಡೆ ವಾಲುತ್ತದೆ. ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ ಗೂಡು, ನಾವು ದಡದಲ್ಲಿ. ಚಿಕ್ಕ ಸೆನ್ಸರಿನಲ್ಲಿ 300 ಎಂಎಂ ಲೆನ್ಸ್, ಫುಲ್ ಫ್ರೇಮಿನ 600ರಷ್ಟು ಹತ್ತಿರ ತೋರಿಸುತ್ತದೆ. ಹೆಗಲಿಗೂ ಹಗುರ.

ನನಗೆ ಹಕ್ಕಿಗಿಂತ ಕಪ್ಪೆ ಮೇಲೆ ಪ್ರೀತಿ ಜಾಸ್ತಿ. ದೊಡ್ಡ ತುಂಡನ್ನು ಪರ್ಸಿನಲ್ಲಿ ಇಟ್ಟುಕೊಂಡೆ. ಚಿಕ್ಕದು ಅಮ್ಮನ ಮೊರದಲ್ಲಿ ಅಡಿಕೆ ಜೊತೆ ಇದೆ.