ಟ್ರೇಲರ್ ಬೇಕಾ, ಬೇಡವಾ?

ಇವತ್ತು ಬೆಳಿಗ್ಗೆ ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿ ಬಾಸ್ ಮೀನಿಗೆ ಗಾಳ ಹಾಕಿದೆ. ರಾತ್ರಿ ಮಳೆಗೆ ನೀರು ಕಲಕಿತ್ತು. ಇಂಥ ನೀರಿಗೆ ನನಗೆ ಸ್ಪಿನ್ನರ್‌ಬೇಟ್ ಅನ್ನುವ ನಕಲಿ ಎರೆಯೇ ಸರಿ. ಬಾಗಿದ ತಂತಿ, ಒಂದು ತುದಿಯಲ್ಲಿ ಗಿರಗಿರ ತಿರುಗುವ ಬ್ಲೇಡ್, ಇನ್ನೊಂದರಲ್ಲಿ ಸೀಸದ ತಲೆ, ಕೊಕ್ಕೆ, ಸುತ್ತ ರಬ್ಬರ್ ಎಳೆಗಳ ಸ್ಕರ್ಟ್. ದುಂಡಗಿನ ಕೊಲೊರಾಡೊ ಬ್ಲೇಡ್ ಹಾಕಿದರೆ ಅದರ ನಡುಕ ಗಾಳದ ಕೋಲು ಹಿಡಿದ ಕೈವರೆಗೂ ಬರುತ್ತದೆ, ಕಣ್ಣಿಗೆ ಏನೂ ಕಾಣದ ನೀರಲ್ಲೂ ಮೀನಿಗೆ ಅದು ಗೊತ್ತಾಗುತ್ತದೆ.

ಮೊದಲು ಕೊಕ್ಕೆಗೆ ಮೆತ್ತನೆಯ ಪ್ಲಾಸ್ಟಿಕ್ ಬಾಲ, ಅಂದರೆ ಟ್ರೇಲರ್, ಸಿಕ್ಕಿಸಿದ್ದೆ. ಅದಿದ್ದರೆ ಬೇಟ್ ದಪ್ಪ ಕಾಣುತ್ತದೆ, ನಿಧಾನ ಮುಳುಗುತ್ತದೆ. ಎರಡು ಸಲ ಟಕ್ ಅಂತ ಎಳೆದ ಹಾಗಾಯಿತು, ಮೀನು ಸಿಗಲಿಲ್ಲ. ಎತ್ತಿ ನೋಡಿದರೆ ಬಾಲ ಅರ್ಧ ಜಾರಿ ಕೆಳಗಿಳಿದಿತ್ತು. ಮೀನು ಬರೀ ಬಾಲ ಹಿಡಿದು ಬಿಡುತ್ತಿದೆ ಅಲ್ವಾ ಅನ್ನಿಸಿತು.

ಊರಲ್ಲಿ ಅಜ್ಜ ಎರೆಹುಳ ಸಿಕ್ಕಿಸುವ ಮುಂಚೆ ಕೆರೆ ಏರಿ ಮೇಲೆ ಕೂತು ಸುಮ್ನೆ ನೀರು ನೋಡುತ್ತಿದ್ದರು. ನನಗೆ ಆಗ ಜಾಸ್ತಿ ಅವಸರ. ಇವತ್ತು ನಾನೂ ಹಾಗೇ ಸ್ವಲ್ಪ ಹೊತ್ತು ಕೂತೆ, ಆಮೇಲೆ ಟ್ರೇಲರ್ ತೆಗೆದು, ಮುಳುಗಿದ ಮರದ ಬೊಡ್ಡೆಗೆ ತಾಗುವ ಹಾಗೆ ನಿಧಾನ ಎಳೆದೆ. ಬೊಡ್ಡೆ ದಾಟುತ್ತಿದ್ದಂತೆ ಬ್ಲೇಡಿನ ನಡುಕ ನಿಂತೇ ಹೋಯಿತು. ಬಾಸ್!

17 ಇಂಚು. ಇಲ್ಲಿ 16ರಿಂದ 24 ಇಂಚಿನ ಬಾಸ್ ಬಿಡಲೇಬೇಕು, ಬಿಟ್ಟೆ. ಕೆಳದವಡೆ ಹಿಡಿದ ಹೆಬ್ಬೆರಳು ಇನ್ನೂ ಉಪ್ಪುಕಾಗದ ಉಜ್ಜಿದ ಹಾಗೆ ಉರಿಯುತ್ತಿದೆ.